ಪೂರ್ವದೇಶದ ರೀತಿಯ ಮದುವೆಗೆ ನಮ್ಮ ಹೊಲದ ಹೂವು



ಮದುವೆಯ ಹೂವು ಎಂದೊಡನೆ ನಮ್ಮ ಬೆಳೆಗಾರನಿಗೆ ನೆನಪಾಗುವುದು ತಕ್ಕಡಿ. ಚೆಂಡುಹೂವು, ಸೇವಂತಿಗೆ, ಸುಗಂಧರಾಜಗಳು ಕಿಲೋ ಲೆಕ್ಕ. ಮಲ್ಲಿಗೆ, ಕನಕಾಂಬರಗಳು ಕಟ್ಟಿದ ಮೇಲೆ ಮೊಳ, ಮಾರುಗಳ ಲೆಕ್ಕ. ಮುಹೂರ್ತದ ಹಿಂದಿನ ದಿನ ದರ ಏರುತ್ತದೆ. ಮುಹೂರ್ತ ಕಳೆದ ಮರುದಿನ ಇಳಿಯುತ್ತದೆ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಯೇ ಇಲ್ಲ. ಆಗ ಬಿಡಿಸುವ ಆಳಿನ ಕೂಲಿಯೂ ಹುಟ್ಟದೆ ಹೂವನ್ನು ಗಿಡದಲ್ಲೇ ಬಿಡುವುದು, ಮಾರುಕಟ್ಟೆಯ ಬದಿಯಲ್ಲಿ ಸುರಿದು ಬರುವುದು ನಾವೆಲ್ಲ ಕಂಡ ಸಂಗತಿ.

ಈ ತಕ್ಕಡಿಯ ವ್ಯಾಪಾರದ ಪಕ್ಕದಲ್ಲಿ ಇನ್ನೊಂದು ವ್ಯಾಪಾರವಿದೆ. ಅಲ್ಲಿ ಹೂವನ್ನು ತೂಗುವುದಿಲ್ಲ, ದಂಟಿನ ಸಮೇತ ಎಣಿಸುತ್ತಾರೆ. ಪಟ್ಟಣದ ಮದುವೆ ಮಂದಿರಗಳನ್ನು ಅಲಂಕರಿಸುವವರು ಇದರ ಗಿರಾಕಿಗಳು. ಅವರಲ್ಲಿ ಕೆಲವರು ಈಗ ‘ಓರಿಯಂಟಲ್’ ರೀತಿಯ ಅಲಂಕಾರ, ಎಂದರೆ ಚೀನ, ಜಪಾನ್, ಥಾಯ್ಲೆಂಡ್ ದೇಶಗಳ ಮಾದರಿಯ ಅಲಂಕಾರ ಬೇಕೆಂದು ಕೇಳುತ್ತಾರೆ. ಹೊಸೂರು, ಡೆಂಕಣಿಕೋಟೆ, ತಾಳವಾಡಿ, ನೀಲಗಿರಿ, ವಯನಾಡು, ಕಾಸರಗೋಡು ಕಡೆಯ ನಮ್ಮ ಓದುಗರು ಈ ಬೇಡಿಕೆಗೆ ತಮ್ಮ ಹೊಲದಿಂದಲೇ ಏನನ್ನು ಒದಗಿಸಬಹುದು, ಎಲ್ಲಿ ಎಚ್ಚರವಾಗಿರಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ಕೇಳತಕ್ಕ ಪ್ರಶ್ನೆ

‘ಓರಿಯಂಟಲ್’ ಎಂದರೆ ಪೂರ್ವದಿಕ್ಕಿನದು ಎಂದರ್ಥ. ಇದು ಯುರೋಪಿನವರು ತಮ್ಮ ಊರಿನಲ್ಲಿ ನಿಂತು ಆಡಿದ ಮಾತು. ಅವರ ಲೆಕ್ಕಕ್ಕೆ ನಾವೂ ಪೂರ್ವದವರೇ. ಆದ್ದರಿಂದ ಗಿರಾಕಿ ಈ ಮಾತನ್ನು ಆಡಿದರೆ ಬೆಳೆಗಾರನು ತಲೆಯಾಡಿಸಿ ಸುಮ್ಮನಿರಬಾರದು. “ಯಾವ ದೇಶದ ರೀತಿ?” ಎಂದು ಕೇಳಬೇಕು. ಚೀನದಲ್ಲಿ ಶುಭವಾದದ್ದು ಜಪಾನಿನಲ್ಲಿ ಅಷ್ಟೇ ಶುಭವಲ್ಲದಿರಬಹುದು. ನಮ್ಮಲ್ಲಿ ಮಂಗಳವಾದ ಹೂವು ಅವರಿಬ್ಬರಲ್ಲೂ ಸೂತಕದ ಹೂವಾಗಿರಬಹುದು. ಹೂವು ಎಷ್ಟೇ ಚೆನ್ನಾಗಿ ಬಂದಿರಲಿ, ಬಣ್ಣ ತಪ್ಪಿದರೆ ಗಿರಾಕಿ ಹಿಂದಕ್ಕೆ ಕಳುಹಿಸುತ್ತಾನೆ. ಆ ನಷ್ಟ ಬೆಳೆಗಾರನ ತಲೆಗೇ ಬರುತ್ತದೆ.

ಚೀನದ ರೀತಿ

ಚೀನದ ಮದುವೆಯ ಬಣ್ಣ ಕೆಂಪು. ಅದರೊಡನೆ ಚಿನ್ನದ ಬಣ್ಣ. ಬಾಗಿಲಿಗೆ, ಗೋಡೆಗೆ ‘ಜೋಡಿ ಸಂತೋಷ’ ಎಂಬ ಅರ್ಥದ ಅಕ್ಷರವನ್ನು ಕೆಂಪು ಕಾಗದದಲ್ಲಿ ಕತ್ತರಿಸಿ ಅಂಟಿಸುವರು. ಕೆಂಪು ದೀಪದ ಗೂಡುಗಳನ್ನು ತೂಗುಹಾಕುವರು. ಬಿಳಿ ಅಲ್ಲಿ ಹಿಂದಿನಿಂದ ಬಂದ ದುಃಖದ ಬಣ್ಣ. ಈಗಿನ ಚೀನೀ ವಧುಗಳು ಬಿಳಿಯ ಉಡುಪನ್ನು ತೊಡುವುದೂ ಉಂಟು. ಆದರೂ ಬಿಳಿ ಮತ್ತು ಹಳದಿ ಸೇವಂತಿಗೆಯನ್ನು ಸಮಾಧಿಯ ಬಳಿ ಇಡುವ ವಾಡಿಕೆ ಇರುವುದರಿಂದ ಮದುವೆಯ ಮೇಜಿಗೆ ಅದು ಹೊಂದುವುದಿಲ್ಲ.

ಅಲ್ಲಿಯ ಮದುವೆಗೆ ಪ್ರಿಯವಾದ ಹೂವುಗಳು ಇವು. ಮೊದಲನೆಯದು ಪಿಯೋನಿ, ಸಿರಿಸಂಪತ್ತಿನ ಗುರುತು. ಎರಡನೆಯದು ಲಿಲ್ಲಿ, ಚೀನೀ ಭಾಷೆಯಲ್ಲಿ ಇದರ ಹೆಸರು ‘ಬೈಹೆ’. ‘ನೂರು ವರ್ಷ ಹೊಂದಿ ಬಾಳಿರಿ’ ಎಂಬ ಅವರ ಹರಕೆಯ ಮಾತಿಗೂ ಈ ಹೆಸರಿಗೂ ಉಚ್ಚಾರದಲ್ಲಿ ಹೋಲಿಕೆ ಇದೆ. ಮೂರನೆಯದು ಕಮಲ, ಒಂದೇ ದಂಟಿನಲ್ಲಿ ಎರಡು ಹೂವು ಬಿಟ್ಟ ಕಮಲವನ್ನು ದಂಪತಿಗಳಿಗೆ ಹೋಲಿಸುವರು. ನಾಲ್ಕನೆಯದು ಪೀಚ್ ಗಿಡದ ಹೂವಿನ ಕೊಂಬೆ. ಸಂಖ್ಯೆಯಲ್ಲಿಯೂ ಶುಭಾಶುಭವಿದೆ. ನಾಲ್ಕು ಎಂಬ ಮಾತು ಸಾವು ಎಂಬ ಮಾತಿನಂತೆ ಕೇಳಿಸುವುದರಿಂದ ನಾಲ್ಕು ಹೂವಿನ ಗೊಂಚಲು ಕಟ್ಟುವುದಿಲ್ಲ. ಎಂಟು ಬಹಳ ಶುಭ. ಮದುವೆಗೆ ಜೋಡಿ ಸಂಖ್ಯೆ ಒಳ್ಳೆಯದು.

ಜಪಾನಿನ ರೀತಿ

ಜಪಾನಿನಲ್ಲಿ ಕೆಂಪು ಮತ್ತು ಬಿಳಿ ಎರಡೂ ಕೂಡಿದರೆ ಶುಭ. ಪೈನ್ ಮರದ ಕೊಂಬೆ, ಬಿದಿರು, ಪ್ಲಮ್ ಜಾತಿಯ ಹೂವಿನ ಕೊಂಬೆ ಈ ಮೂರನ್ನು ಕೂಡಿಸಿ ಮದುವೆಗೂ ಹೊಸ ವರ್ಷಕ್ಕೂ ಇಡುವರು. ಪೈನು ಚಳಿಯಲ್ಲೂ ಹಸಿರು, ಬಿದಿರು ಬಾಗಿದರೂ ಮುರಿಯದು, ಪ್ಲಮ್ ಚಳಿ ಮುಗಿಯುವ ಮೊದಲೇ ಅರಳುವುದು. ಇದು ಅದರ ಭಾವ. ನಾಲ್ಕರ ಮೇಲಿನ ಅಂಜಿಕೆ ಇಲ್ಲಿಯೂ ಇದೆ. ಆದರೆ ಜೋಡಿ ಸಂಖ್ಯೆ ಎರಡಾಗಿ ಒಡೆಯುವುದೆಂದು ಜಪಾನಿನವರು ಮದುವೆಯ ಉಡುಗೊರೆ ಹಣವನ್ನು ಬೆಸ ಸಂಖ್ಯೆಯಲ್ಲಿ ಕೊಡುವರು. ಚೀನದವರ ಕ್ರಮಕ್ಕೆ ಇದು ತೀರ ವಿರುದ್ಧ.

ಸೇವಂತಿಗೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಈ ಹೂವು ಚೀನದಿಂದ ಜಪಾನಿಗೆ ಹೋದದ್ದು. ಹದಿನಾರು ಎಸಳಿನ ಸೇವಂತಿಗೆ ಅಲ್ಲಿಯ ರಾಜಮನೆತನದ ಲಾಂಛನ. ಅಷ್ಟು ಗೌರವದ ಹೂವಾದರೂ ಬಿಳಿ ಸೇವಂತಿಗೆ ಶವಸಂಸ್ಕಾರದ ಹೂವು. ನಮ್ಮಲ್ಲಿ ಬಿಳಿ, ಹಳದಿ ಸೇವಂತಿಗೆ ಇಲ್ಲದೆ ಹಸೆಯೇ ಇಲ್ಲ. ಎರಡೂ ಕಡೆಯವರ ನಂಬಿಕೆ ಅವರವರಿಗೆ ಸರಿ. ಬೆಳೆಗಾರನು ಮಾಡಬೇಕಾದದ್ದು ಇಷ್ಟೇ: ಇಂಥ ಮದುವೆಗೆ ಸೇವಂತಿಗೆ ಬೆಳೆಯುವುದಾದರೆ ಕೆಂಪು, ನೇರಳೆ, ಗುಲಾಬಿ, ಹಸಿರು ಬಣ್ಣದ ತಳಿಗಳನ್ನು ಆರಿಸಬೇಕು. ಬಿಳಿ, ಹಳದಿಯನ್ನು ನಮ್ಮ ಮದುವೆಗಳಿಗೆ ಬಿಡಬೇಕು.

ಥಾಯ್ ರೀತಿ

ಥಾಯ್ಲೆಂಡಿನ ರೀತಿ ನಮಗೆ ಬಹಳ ಹತ್ತಿರದ್ದು. ಅಲ್ಲಿ ವಧೂವರರಿಗೆ ಹೂಮಾಲೆ ಹಾಕುವರು. ಮಲ್ಲಿಗೆಯ ಮೊಗ್ಗನ್ನು ಉದ್ದ ಸೂಜಿಯಲ್ಲಿ ಒತ್ತಾಗಿ ಪೋಣಿಸಿ, ತುದಿಗೆ ಗುಲಾಬಿಯ ಕುಚ್ಚು ಕಟ್ಟುವರು. ನಮ್ಮ ಓದುಗರಿಗೆ ಆಶ್ಚರ್ಯವಾಗುವ ಸಂಗತಿ ಒಂದುಂಟು. ನಮ್ಮ ಹಾಳುಭೂಮಿಯಲ್ಲಿ ಬೆಳೆಯುವ ಎಕ್ಕದ ಹೂವಿಗೆ ಥಾಯ್ ಭಾಷೆಯಲ್ಲಿ ‘ರಕ್’ ಎಂದು ಹೆಸರು. ಅದೇ ಮಾತಿಗೆ ಪ್ರೀತಿ ಎಂಬ ಅರ್ಥವೂ ಇದೆ. ಆದ್ದರಿಂದ ಮದುವೆಯ ಮಾಲೆಗೆ ಬಿಳಿ ಎಕ್ಕದ ಹೂವು ಸೇರಿಸುವರು. ನಾವು ದೇವರಿಗೆ ಮಾತ್ರ ಏರಿಸುವ ಹೂವು ಅಲ್ಲಿ ಮದುಮಕ್ಕಳ ಕೊರಳಿಗೆ ಬರುತ್ತದೆ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಕೊಯ್ದ ಹೂವಿನ ಹಾಲು ಪೂರ್ಣ ತೊಳೆದು, ಒಣಗಿಸಿದ ಮೇಲೆಯೇ ಕಟ್ಟಬೇಕು; ಮಕ್ಕಳ ಕೈಗೆ ಈ ಕೆಲಸ ಕೊಡಕೂಡದು.

ಬಾಳೆಲೆಯನ್ನು ಶಂಕುವಿನಂತೆ ಮಡಿಸಿ ಗೋಪುರ ಕಟ್ಟುವುದು, ಬಾಳೆದಿಂಡಿನ ಬಿಲ್ಲೆಯ ಮೇಲೆ ಹೂವು ಚುಚ್ಚಿ ತಟ್ಟೆ ಮಾಡುವುದು, ಕಮಲದ ಮೊಗ್ಗಿನ ಎಸಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಿಸಿ ಹೊಸ ಆಕಾರ ಕೊಡುವುದು, ಇವು ಆ ದೇಶದ ಕೈಗೆಲಸಗಳು. ಇವಕ್ಕೆ ಬೇಕಾದ ಸಾಮಗ್ರಿ ನಮ್ಮ ತೋಟದಲ್ಲೇ ಇದೆ. ದಂಡೆ ಕಟ್ಟುವ, ಎಲೆ ಹಚ್ಚುವ ನಮ್ಮ ಹೆಣ್ಣುಮಕ್ಕಳ ಕೈಗೆ ಇದು ಬೇಗ ಹತ್ತುತ್ತದೆ. ಬರಿಯ ಹೂವು ಮಾರುವುದಕ್ಕಿಂತ ಕಟ್ಟಿದ ಮಾಲೆ ಮಾರಿದರೆ ಕೂಲಿಯೂ ಮನೆಯಲ್ಲೇ ಉಳಿಯುವುದು.

ಯಾವುದಕ್ಕೆ ಬದಲು ಯಾವುದು?

ಪಿಯೋನಿಗೆ ಕೊರೆಯುವ ಚಳಿಗಾಲ ಬೇಕು. ನಮ್ಮ ಬಯಲುಸೀಮೆಯಲ್ಲಿ ಬಾರದು. ಅದರ ಬದಲು ಎಸಳು ತುಂಬಿದ ಡೇಲಿಯ, ಅಥವಾ ಒಂದೇ ಹೂವು ಬಿಟ್ಟು ದಪ್ಪಗೆ ಬೆಳೆಸಿದ ಸೇವಂತಿಗೆ ನಡೆಯುತ್ತದೆ. ಚೆರಿ ಹೂವಿನ ಕೊಂಬೆಯೂ ನಮ್ಮಲ್ಲಿ ಇಲ್ಲ. ನೀಲಗಿರಿಯಲ್ಲಿ ಪೀಚ್ ಗಿಡವಿರುವವರು ಸವರುವ ಕಾಲದಲ್ಲಿ ತೆಗೆಯುವ ಕೊಂಬೆಗಳನ್ನು ಮೊಗ್ಗಿರುವಾಗಲೇ ಕೊಡಬಹುದು. ಲಿಲ್ಲಿ, ಕಾರ್ನೇಷನ್‌ಗಳು ನೀಲಗಿರಿಯ ಪಾಲಿಹೌಸುಗಳಲ್ಲಿ ಬೆಳೆಯುವ ಬೆಳೆಗಳೇ. ಹೊಸೂರಿನ ಸುತ್ತ ಗುಲಾಬಿ, ಜರ್ಬೆರಗಳಿಗೆ ಕೊರತೆಯಿಲ್ಲ. ವಯನಾಡು, ಕಾಸರಗೋಡುಗಳ ತೇವದ ಹವೆಯಲ್ಲಿ ನೆರಳುಬಲೆಯ ಕೆಳಗೆ ಡೆಂಡ್ರೋಬಿಯಂ ಎಂಬ ಆರ್ಕಿಡ್ ಬರುತ್ತದೆ. ಥಾಯ್ಲೆಂಡ್ ಲೋಕಕ್ಕೆಲ್ಲ ಮಾರುವುದು ಈ ಜಾತಿಯನ್ನೇ. ಕಾಸರಗೋಡಿನ ಅಡಿಕೆ ತೋಟದ ಹಿಂಗಾರವೂ ಎಳೆಯ ತೆಂಗಿನ ಗರಿಯೂ ಯಾವ ಪೂರ್ವದೇಶದ ಅಲಂಕಾರಕ್ಕೂ ಒಪ್ಪುತ್ತವೆ.

ಬಡ ಬೆಳೆಗಾರನಿಗೆ ಪಾಲಿಹೌಸು ಇಲ್ಲದೆ ಬರುವ ಬೆಳೆ ಚೈನಾ ಆಸ್ಟರ್. ಹೆಸರೇ ಹೇಳುವಂತೆ ಇದರ ತವರು ಚೀನ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಕಾಮಿನಿ ಎಂಬ ಗಾಢ ಗುಲಾಬಿ ಬಣ್ಣದ ತಳಿಯನ್ನೂ ಪೂರ್ಣಿಮಾ ಎಂಬ ಬಿಳಿ ತಳಿಯನ್ನೂ ಬಿಡುಗಡೆ ಮಾಡಿದ್ದಾರೆ. ಚೀನದ ರೀತಿಗೆ ಮೊದಲನೆಯದು, ನಮ್ಮ ಪೂಜೆಗೆ ಎರಡನೆಯದು.

ಬಿದಿರಿನ ವಿಷಯ ಒಂದು ಮಾತು. ಕಾಡಿನ ಬಿದಿರಿಗೆ ಕೈಹಾಕಿದರೆ ಮೊಕದ್ದಮೆ ತಪ್ಪದು. ಆದರೆ ಕಾಡಲ್ಲದ ನೆಲದಲ್ಲಿ ಬೆಳೆದ ಬಿದಿರನ್ನು ಮರ ಎಂಬ ವ್ಯಾಖ್ಯೆಯಿಂದ ೨೦೧೭ರ ಅರಣ್ಯ ಕಾಯಿದೆ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಆದ್ದರಿಂದ ಸ್ವಂತ ಬದುವಿನಲ್ಲಿ ನಾಲ್ಕು ಮೆಳೆ ಬಿದಿರು ಬೆಳೆಸಿಕೊಂಡವನಿಗೆ ಅಲಂಕಾರದವರು ಖಾಯಂ ಗಿರಾಕಿಗಳಾಗಬಹುದು. ಗಡಿ ದಾಟಿಸುವ ಮುನ್ನ ಸ್ಥಳದ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ದಿನ ಎಣಿಸಿ ಬೆಳೆಯುವ ವಿದ್ಯೆ

ದಂಟಿನ ಹೂವಿನ ವ್ಯಾಪಾರದಲ್ಲಿ ಮುಖ್ಯವಾದ ಪಾಠ ಇದೇ. ತಕ್ಕಡಿಯ ಹೂವು ಒಂದು ವಾರ ಹಿಂದುಮುಂದಾದರೂ ಯಾರಾದರೂ ಕೊಳ್ಳುತ್ತಾರೆ. ಮದುವೆಯ ಗೊತ್ತುಪಡಿಸಿದ ಹೂವು ಆ ದಿನಕ್ಕೇ ಬೇಕು.

ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಆದುದರಿಂದಲೇ ಅದು ನಮ್ಮಲ್ಲಿ ಕಾರ್ತಿಕ, ಮಾರ್ಗಶಿರಗಳ ಹೊತ್ತಿಗೆ ತಾನೇ ಅರಳುತ್ತದೆ. ಎಲ್ಲರ ಹೊಲದಲ್ಲಿಯೂ ಒಟ್ಟಿಗೆ ಅರಳುವುದರಿಂದ ದರ ಬೀಳುತ್ತದೆ. ಆ ಗಿಡಕ್ಕೆ ರಾತ್ರಿ ಉದ್ದವಾಗಿಲ್ಲ ಎಂದು ತೋರುವಂತೆ ಮಾಡಿದರೆ ಮೊಗ್ಗು ಕಟ್ಟದೆ ದಂಟು ಬೆಳೆಸುತ್ತ ಹೋಗುತ್ತದೆ. ಹೇಗೆಂದರೆ, ರಾತ್ರಿ ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಹೊಲದಲ್ಲಿ ವಿದ್ಯುದ್ದೀಪ ಉರಿಸಬೇಕು. ಎಲೆಯ ಮಟ್ಟದಲ್ಲಿ ಪತ್ರಿಕೆ ಹಿಡಿದರೆ ಅಕ್ಷರ ಓದುವಷ್ಟು ಬೆಳಕು ಸಾಕು. ದೀಪ ನಿಲ್ಲಿಸಿದ ದಿನದಿಂದ ತಳಿಗೆ ತಕ್ಕಂತೆ ಎಂಟರಿಂದ ಹತ್ತು ವಾರಗಳಲ್ಲಿ ಹೂವು ಕೊಯ್ಲಿಗೆ ಬರುತ್ತದೆ.

ಒಂದು ಲೆಕ್ಕ ಮಾಡೋಣ. ಮದುವೆ ಫೆಬ್ರವರಿ ೧೦ ಎಂದಿಟ್ಟುಕೊಳ್ಳಿ. ತಳಿ ಒಂಬತ್ತು ವಾರದ್ದು. ಒಂಬತ್ತು ವಾರ ಎಂದರೆ ೬೩ ದಿನ. ಹಿಂದಕ್ಕೆ ಎಣಿಸಿದರೆ ಡಿಸೆಂಬರ್ ೯ಕ್ಕೆ ದೀಪ ನಿಲ್ಲಿಸಬೇಕು. ಅದಕ್ಕೆ ಮೊದಲು ದಂಟು ಬೆಳೆಯಲು ಎಂಟು ವಾರ ಬೇಕು. ಅಕ್ಟೋಬರ್ ೧೪ಕ್ಕೆ ಸಸಿ ನೆಡಬೇಕು. ಕುಡಿಯ ತುಂಡು ಬೇರು ಬಿಡಲು ಮೂರು ವಾರ. ಸೆಪ್ಟೆಂಬರ್ ೨೩ಕ್ಕೆ ಮರಳಿನ ಮಡಿಯಲ್ಲಿ ತುಂಡು ಊರಬೇಕು. ನೆಟ್ಟ ಮೂರು ನಾಲ್ಕು ವಾರಕ್ಕೆ ಕುಡಿ ಚಿವುಟಿ ಮೂರು ದಂಟು ಉಳಿಸಬೇಕು. ದಪ್ಪ ಹೂವು ಬೇಕಾದರೆ ದಂಟಿನ ತುದಿಯ ಒಂದು ಮೊಗ್ಗು ಇರಿಸಿ ಪಕ್ಕದವನ್ನೆಲ್ಲ ತೆಗೆಯಬೇಕು. ಗೊಂಚಲು ಬೇಕಾದರೆ ನಡುವಿನ ಮೊಗ್ಗು ತೆಗೆದು ಪಕ್ಕದವನ್ನು ಬಿಡಬೇಕು. ತಳಿಯ ವಾರವನ್ನು ಮಾರಿದವನ ಬಾಯಿಮಾತಿನಿಂದ ನಂಬದೆ, ಮೊದಲ ವರ್ಷ ಒಂದು ಮಡಿಯಲ್ಲಿ ನೋಡಿ ದಿನ ಬರೆದಿಟ್ಟುಕೊಳ್ಳಿರಿ. ಪಂಪಿನ ಸಂಪರ್ಕದಿಂದ ದೀಪದ ತಂತಿ ಎಳೆಯುವ ಮೊದಲು ವಿದ್ಯುತ್ ಕಚೇರಿಯ ಒಪ್ಪಿಗೆ ಕೇಳಿರಿ.

ಚೈನಾ ಆಸ್ಟರ್‌ಗೆ ಬಿತ್ತನೆಯಿಂದ ಹೂವಿಗೆ ಮೂರೂವರೆಯಿಂದ ನಾಲ್ಕು ತಿಂಗಳು. ಅದೇ ಮದುವೆಗೆ ಅಕ್ಟೋಬರ್ ೧೦, ೨೦, ೩೦ ಹೀಗೆ ಮೂರು ಸಲ ಒಟ್ಲು ಹಾಕಿದರೆ ಒಂದಲ್ಲ ಒಂದು ಆ ದಿನಕ್ಕೆ ಸಿಕ್ಕುತ್ತದೆ. ಚೆಂಡುಹೂವಿಗೆ ಬೀಜದಿಂದ ಮೊದಲ ಕೊಯ್ಲಿಗೆ ಸುಮಾರು ಮೂರು ತಿಂಗಳು. ನವೆಂಬರ್ ಮೊದಲ ಪಕ್ಷದಲ್ಲಿ ಒಟ್ಲು ಹಾಕಬೇಕು.

ಎಷ್ಟು ನೆಲಕ್ಕೆ ಎಷ್ಟು ಹೂವು ಎಂಬುದನ್ನೂ ಮೊದಲೇ ಅಂದಾಜು ಮಾಡಿ. ಐದು ಸೆಂಟು, ಎಂದರೆ ಸೊಲ್ಲಾಪುರದ ಕಡೆಯವರ ಲೆಕ್ಕದಲ್ಲಿ ಎರಡು ಗುಂಟೆ, ಸುಮಾರು ೨,೧೭೮ ಚದರ ಅಡಿ. ಓಡಾಡುವ ದಾರಿಗೆ ಮೂರರಲ್ಲೊಂದು ಪಾಲು ಬಿಟ್ಟು ಅಡಿಗೊಂದು ಸಸಿ ನೆಟ್ಟರೆ ೧,೪೦೦ಕ್ಕೂ ಮಿಕ್ಕಿ ಗಿಡ. ಗಿಡಕ್ಕೆ ಮೂರು ದಂಟಿನಂತೆ ೪,೨೦೦. ಹುಳ, ಗಾಳಿ, ಡೊಂಕು, ಕುಳ್ಳು ಎಂದು ಮೂರರಲ್ಲೊಂದು ಕಳೆಯಿರಿ, ೨,೮೦೦ ಉಳಿಯುತ್ತದೆ. ಗಿರಾಕಿಗೆ ಮಾತು ಕೊಡುವಾಗ ಈ ಕೊನೆಯ ಅಂಕಿಯನ್ನೇ ಹಿಡಿಯಬೇಕು.

ಕೊಯ್ಲು ಮತ್ತು ಕಾಪು

ಒಂದೊಂದು ಹೂವಿಗೆ ಒಂದೊಂದು ಕೊಯ್ಲಿನ ಹದ. ಗುಲಾಬಿ ಮೊಗ್ಗು ಬಿಗಿಯಾಗಿದ್ದು ಹೊರಗಿನ ಎಸಳು ಬಿಚ್ಚತೊಡಗಿದಾಗ. ಕಾರ್ನೇಷನ್ ಬಣ್ಣದ ಕುಂಚದಂತೆ ಎಸಳು ಹೊರಬಂದಾಗ. ಸುಗಂಧರಾಜದ ದಂಟು ಬುಡದ ಒಂದೆರಡು ಜೋಡಿ ಹೂವು ಅರಳಿದಾಗ. ಜರ್ಬೆರವನ್ನು ಕತ್ತರಿಸಬಾರದು, ಬುಡ ಹಿಡಿದು ಓರೆಯಾಗಿ ಕಿತ್ತು ಆಮೇಲೆ ತುದಿ ಕತ್ತರಿಸಬೇಕು. ಲಿಲ್ಲಿಯ ಕೆಳಗಿನ ಮೊಗ್ಗು ಬಣ್ಣ ತಿರುಗಿದಾಗ ಕೊಯ್ದು, ಅರಳಿದೊಡನೆ ಅದರ ಕೇಸರದ ತುದಿ ತೆಗೆಯಬೇಕು. ಇಲ್ಲವಾದರೆ ಆ ಪುಡಿ ರೇಷ್ಮೆ ಸೀರೆಗೆ ಬಿದ್ದು ಕಲೆಯಾಗುತ್ತದೆ.

ಕೊಯ್ಲು ತಣ್ಣನೆಯ ಹೊತ್ತಿನಲ್ಲಿ ಆಗಬೇಕು. ಬಕೆಟ್ಟನ್ನು ಹೊಲಕ್ಕೇ ಒಯ್ದು ಕೊಯ್ದೊಡನೆ ದಂಟನ್ನು ನೀರಿಗೆ ಇಡಬೇಕು. ಬಕೆಟ್ಟು ಉಣ್ಣುವ ತಟ್ಟೆಯಷ್ಟು ಶುಚಿಯಾಗಿರಬೇಕು. ಪಾಚಿಯ ನೀರು ದಂಟಿನ ಬಾಯಿ ಮುಚ್ಚುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ಸವರಿಬಿಡಿ. ಗುಲಾಬಿ, ಕಾರ್ನೇಷನ್‌ಗಳಿಗೆ ತಂಪು ಕೋಣೆ ಹಿತ. ಆರ್ಕಿಡ್ ಉಷ್ಣದೇಶದ ಹೂವಾದ್ದರಿಂದ ಬಹಳ ತಂಪಿನಲ್ಲಿ ಕಪ್ಪಾಗುತ್ತದೆ; ಗುಲಾಬಿಯ ಕೋಣೆಯಲ್ಲಿ ಅದನ್ನು ಇಡಬಾರದು.

ನಮ್ಮವರು ಗಮನಿಸದ ಒಂದು ಅಂಶವಿದೆ. ಹಣ್ಣಾಗುತ್ತಿರುವ ಬಾಳೆ, ಮಾವುಗಳಿಂದ ಎಥಿಲೀನ್ ಎಂಬ ಗಾಳಿ ಹೊರಡುತ್ತದೆ. ಹಣ್ಣನ್ನು ಮಾಗಿಸುವ ಆ ಗಾಳಿಯೇ ಹೂವನ್ನು ಬಾಡಿಸುತ್ತದೆ. ಕಾರ್ನೇಷನ್, ಆರ್ಕಿಡ್‌ಗಳಿಗೆ ಇದು ಬೇಗ ತಟ್ಟುತ್ತದೆ. ಮದುವೆ ಮನೆಯ ಉಗ್ರಾಣದಲ್ಲಿ ಬಾಳೆಗೊನೆಯ ಪಕ್ಕ ಹೂವಿನ ಬಕೆಟ್ಟು ಇರಿಸಿದರೆ ಮರುದಿನ ಬೆಳಿಗ್ಗೆ ಹೂವು ಕಣ್ಣುಮುಚ್ಚಿರುತ್ತದೆ. ಎರಡಕ್ಕೂ ಬೇರೆ ಕೋಣೆ ಇರಲಿ.

ಔಷಧ ಸಿಂಪಡಿಸಿದ ಹೂವನ್ನು ಹೆಂಗಸರು ಮುಡಿಯುತ್ತಾರೆ, ಕೂಸುಗಳು ಬಾಯಿಗಿಡುತ್ತವೆ, ಕಟ್ಟುವವರು ನೂಲನ್ನು ಹಲ್ಲಿನಿಂದ ಕಡಿಯುತ್ತಾರೆ. ಡಬ್ಬಿಯ ಮೇಲೆ ಬರೆದ ಅವಧಿ ಮುಗಿಯುವ ಮುನ್ನ ಕೊಯ್ಯಕೂಡದು. ಚೀಟಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಬಲ್ಲವರಿಂದ ಓದಿಸಿಕೊಳ್ಳಿರಿ.

ಅಲಂಕಾರದ ಕ್ರಮ

ನಮ್ಮ ಮಂಟಪದಲ್ಲಿ ಕಂಬ ಕಾಣದಷ್ಟು ಹೂವು ತುಂಬುವುದು ಚಂದ. ಜಪಾನಿನ ಇಕೆಬಾನ ಎಂಬ ಕಲೆಯಲ್ಲಿ ಹೂವಿನ ನಡುವೆ ಬಿಟ್ಟ ಬರಿಯ ಜಾಗವೂ ಚಂದದ ಭಾಗವೇ. ಕ್ಯೋಟೋ ನಗರದ ರೊಕ್ಕಾಕುದೊ ಎಂಬ ಬೌದ್ಧ ದೇವಾಲಯದಲ್ಲಿ ಹೂವಿಡುತ್ತಿದ್ದ ಇಕೆನೊಬೊ ಮನೆತನದವರಿಂದ ಹದಿನೈದನೆಯ ಶತಮಾನದ ಹೊತ್ತಿಗೆ ಇದು ಕಲೆಯಾಗಿ ಬೆಳೆಯಿತು. ಮುಂದೆ ಅನೇಕ ಪಂಥಗಳಾದವು.

ಇದರ ಸುಲಭವಾದ ಒಂದು ಕ್ರಮ ಹೀಗಿದೆ. ಮೂರು ದಂಟುಗಳು ಮುಖ್ಯ. ಪಾತ್ರೆಯ ಅಗಲ ಮತ್ತು ಎತ್ತರವನ್ನು ಕೂಡಿಸಿ, ಅದರ ಒಂದೂವರೆ ಪಟ್ಟು ಉದ್ದಕ್ಕೆ ಮೊದಲ ದಂಟನ್ನು ಕತ್ತರಿಸಬೇಕು. ಎರಡನೆಯದು ಮೊದಲನೆಯದರ ಮುಕ್ಕಾಲು. ಮೂರನೆಯದು ಎರಡನೆಯದರ ಮುಕ್ಕಾಲು. ಹನ್ನೆರಡು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಹರಿವಾಣವಾದರೆ ಮೊತ್ತ ಹದಿನಾರು. ಮೊದಲ ದಂಟು ೨೪ ಅಂಗುಲ, ಎರಡನೆಯದು ೧೮, ಮೂರನೆಯದು ಹದಿಮೂರೂವರೆ. ಮೊದಲನೆಯದನ್ನು ಸ್ವಲ್ಪ ಓರೆಯಾಗಿ, ಎರಡನೆಯದನ್ನು ಅದಕ್ಕಿಂತ ಹೆಚ್ಚು ಓರೆಯಾಗಿ, ಮೂರನೆಯದನ್ನು ಮುಂದಕ್ಕೆ ಬಾಗಿಸಿ ನಿಲ್ಲಿಸಬೇಕು. ಮೂರೂ ಒಂದೇ ಗೆರೆಯಲ್ಲಿ ಇರಬಾರದು.

ಈ ಲೆಕ್ಕದಿಂದ ಬೆಳೆಗಾರನಿಗೆ ತಿಳಿಯಬೇಕಾದದ್ದು ಏನೆಂದರೆ, ಇಲ್ಲಿ ಹೂವಿನಷ್ಟೇ ಬೆಲೆ ದಂಟಿಗೂ ಇದೆ. ಎರಡು ಅಡಿಯ ನೇರವಾದ, ಎಲೆ ಹರಿಯದ ದಂಟು ಬೇಕು. ಹೂವು ಎಷ್ಟೇ ದಪ್ಪವಾಗಿದ್ದರೂ ಒಂದು ಅಡಿಯ ದಂಟಿನದು ಕೆಳದರ್ಜೆಗೆ ಹೋಗುತ್ತದೆ. ಗಿಡಕ್ಕೆ ಬಲೆಯ ಆಸರೆ ಕಟ್ಟಿ ನೇರ ಬೆಳೆಸುವ ಶ್ರಮ ಆಗ ಸಾರ್ಥಕ.

ದಂಟನ್ನು ನಿಲ್ಲಿಸಲು ಪಟ್ಟಣದವರು ಹಸಿರು ಫೋಮ್ ಇಟ್ಟಿಗೆ ಬಳಸುವರು. ಅದು ಪ್ಲಾಸ್ಟಿಕ್ಕಿನ ಜಾತಿ, ಮಣ್ಣಿನಲ್ಲಿ ಕರಗುವುದಿಲ್ಲ. ಅದರ ಬದಲು ಬಾಳೆದಿಂಡಿನ ತುಂಡು ಇಡಬಹುದು. ಅದರಲ್ಲಿ ನೀರೂ ಇದೆ, ಚುಚ್ಚಿದ ದಂಟನ್ನು ಬಿಗಿಯಾಗಿಯೂ ಹಿಡಿಯುತ್ತದೆ. ಮದುವೆ ಮುಗಿದ ಮೇಲೆ ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ. ಅಲಂಕಾರದ ಥರ್ಮೋಕೋಲನ್ನು ಕೇಂದ್ರ ಸರಕಾರ ೨೦೨೨ರ ಜುಲೈ ೧ರಿಂದ ದೇಶದಾದ್ಯಂತ ನಿಷೇಧಿಸಿದೆ ಎಂಬುದನ್ನು ಮದುವೆ ಮಾಡುವವರೂ ತಿಳಿದಿರಬೇಕು. ಚೀನದ ಜೋಡಿ ಅಕ್ಷರವನ್ನು ಥರ್ಮೋಕೋಲಿನಲ್ಲಿ ಕೊರೆಯುವುದಕ್ಕಿಂತ ಬಿದಿರಿನ ತಡಿಕೆಗೆ ಕೆಂಪು ಆಸ್ಟರ್ ಚುಚ್ಚಿ ಮಾಡಿದರೆ ಕಾನೂನಿಗೂ ಸರಿ, ಬೆಳೆಗಾರನಿಗೂ ಲಾಭ.

ಕರಾರು ಮತ್ತು ಹೆಸರು

ಗಡಿನಾಡಿನ ನಮಗೆ ಹೆಸರಿನ ತೊಡಕು ಬೇರೆ. ನಮ್ಮ ಸುಗಂಧರಾಜಕ್ಕೆ ತಮಿಳುನಾಡಿನ ಮಾರುಕಟ್ಟೆಯಲ್ಲಿ ‘ಸಂಪಂಗಿ’ ಎನ್ನುವರು. ಮರದ ಸಂಪಿಗೆ ಎಂದು ತಿಳಿದರೆ ಗೊಂದಲ. ಮರಾಠಿಯವರಿಗೆ ಅದೇ ‘ನಿಶಿಗಂಧ’. ಚೆಂಡುಹೂವು ಮರಾಠಿಯಲ್ಲಿ ‘ಝೆಂಡು’, ತೆಲುಗಿನಲ್ಲಿ ‘ಬಂತಿ’. ಸೇವಂತಿಗೆ ಮರಾಠಿಯಲ್ಲಿ ‘ಶೇವಂತಿ’, ತೆಲುಗಿನಲ್ಲಿ ‘ಚಾಮಂತಿ’. ಫೋನಿನಲ್ಲಿ ಮಾತಾಡಿ ಮುಗಿಸದೆ ಹೂವಿನ ಚಿತ್ರ ಕಳುಹಿಸಿ, ಒಪ್ಪಿಗೆ ಪಡೆದು, ಚೀಟಿ ಬರೆಸಿಕೊಳ್ಳಿರಿ. ಚೀಟಿಯಲ್ಲಿ ಹೂವು, ಬಣ್ಣ, ದಂಟಿನ ಉದ್ದ, ಸಂಖ್ಯೆ, ತಲುಪಿಸುವ ದಿನ ಮತ್ತು ಹೊತ್ತು, ಟೆಂಪೊ ಬಾಡಿಗೆ ಯಾರದು, ಮದುವೆ ಮುಂದೆ ಹೋದರೆ ಮುಂಗಡದ ಗತಿ ಏನು ಎಂಬ ಅಂಶಗಳು ಇರಬೇಕು.

ಮಾಲೆಗೆ ಎಷ್ಟು ಹೂವು ಬೇಕೆಂದು ಕೇಳಿದರೆ ಬಾಯಿಗೆ ಬಂದ ಅಂಕಿ ಹೇಳಬೇಡಿರಿ. ಒಂದು ಮೊಳ ಕಟ್ಟಿ ತೂಗಿ ನೋಡಿ, ಬೇಕಾದ ಮೊಳದಿಂದ ಗುಣಿಸಿ, ಬಾಡಿದ್ದು ಉದುರಿದ್ದಕ್ಕೆ ಹತ್ತಕ್ಕೊಂದು ಪಾಲು ಕೂಡಿಸಿ ಹೇಳಿರಿ.

ಇಷ್ಟು ಓದಿ ಇದ್ದ ಚೆಂಡುಹೂವಿನ ಹೊಲವನ್ನೆಲ್ಲ ಅಳಿಸಿ ಆರ್ಕಿಡ್ ಹಾಕಲು ಸಾಲ ಮಾಡುವವರು ಇದ್ದರೆ ಅವರಿಗೆ ನಮ್ಮ ಮಾತು ಇದು: ಹಾಗೆ ಮಾಡಬೇಡಿರಿ. ಪಟ್ಟಣದ ರುಚಿ ಬದಲಾಗುವಂಥದು. ಈ ವರ್ಷ ಜಪಾನು, ಮರುವರ್ಷ ಮತ್ತೊಂದು. ಹತ್ತರಲ್ಲೊಂದು ಪಾಲು ನೆಲದಲ್ಲಿ, ಎರಡು ದಾರಿಯ ಬೆಳೆಯನ್ನೇ ಮೊದಲು ಹಿಡಿಯಿರಿ. ಸೇವಂತಿಗೆ, ಆಸ್ಟರ್, ಸುಗಂಧರಾಜಗಳ ಗುಣ ಇದೇ. ದಂಟಿನ ಲೆಕ್ಕಕ್ಕೆ ಹೋಗದೆ ಉಳಿದದ್ದನ್ನು ಬಿಡಿಸಿ ತಕ್ಕಡಿಗೆ ಹಾಕಬಹುದು. ಸಂಶೋಧನಾ ಸಂಸ್ಥೆಯವರ ‘ಪ್ರಜ್ವಲ್’ ಸುಗಂಧರಾಜ ದಂಟಿಗೂ ಬಿಡಿ ಹೂವಿಗೂ ಆಗಿಬರುತ್ತದೆ. ಜರ್ಬೆರ, ಲಿಲ್ಲಿಗಳು ಮರಳಿ ಬಂದರೆ ಮೊಳದ ಹೂವಿನವನೂ ಕೊಳ್ಳುವುದಿಲ್ಲ.

ಮನೆಯಲ್ಲಿ ಮಾಡಿ ನೋಡತಕ್ಕವು

೧. ನಿಮ್ಮ ಹೊಲದ ಸೇವಂತಿಗೆಯ ಹತ್ತು ದಂಟುಗಳನ್ನು ಅಳೆಯಿರಿ. ಎರಡು ಅಡಿ ಮೀರಿದವು ಎಷ್ಟು?

೨. ಬರುವ ವೈಶಾಖದ ಒಂದು ಮುಹೂರ್ತವನ್ನು ಪಂಚಾಂಗದಲ್ಲಿ ಗುರುತಿಸಿ, ಆಸ್ಟರ್ ಮತ್ತು ಚೆಂಡುಹೂವಿಗೆ ಒಟ್ಲು ಹಾಕುವ ದಿನವನ್ನು ಹಿಂದಕ್ಕೆ ಎಣಿಸಿ ಬರೆಯಿರಿ.

೩. ಎರಡು ಬಕೆಟ್ಟು ಹೂವನ್ನು, ಒಂದನ್ನು ಬಾಳೆಹಣ್ಣಿನ ಪಕ್ಕದಲ್ಲಿ, ಒಂದನ್ನು ಬೇರೆ ಕೋಣೆಯಲ್ಲಿ ಒಂದು ರಾತ್ರಿ ಇರಿಸಿ ವ್ಯತ್ಯಾಸ ನೋಡಿರಿ.

೪. ಬಾಳೆದಿಂಡಿನ ತುಂಡೊಂದರಲ್ಲಿ ಮೂರು ದಂಟುಗಳನ್ನು ಮೇಲಿನ ಲೆಕ್ಕದಂತೆ ಕತ್ತರಿಸಿ ನಿಲ್ಲಿಸಿರಿ. ಮನೆಯ ಹಿರಿಯರು ಒಪ್ಪಿದರೆ ಮುಂದಿನ ಮದುವೆಯ ಊಟದ ಚಪ್ಪರದಲ್ಲಿ ಒಂದು ಮೇಜಿಗೆ ಅದನ್ನೇ ಇಡಬಹುದು.